ಪರದೆ ಬಿಡಿಸುವ ಮೊದಲು ಮಾದರಿ ಬರೆಯುವ ಸಾಧನಗಳು: ಇವನ್ನು ಈಗಲೂ ಯಾರಾದರೂ ಬಳಸುತ್ತಿದ್ದೀರಾ?

ಕಿಟಕಿಯಂಚು

ಎಲ್ಲರಿಗೂ ನಮಸ್ಕಾರ. ಆಸ್ಪತ್ರೆಯ ವಾರ್ಡುಗಳಲ್ಲಿ ಯಾವ ರೋಗಿಗೆ ಯಾವ ಔಷಧವನ್ನು ಎಷ್ಟು ಹೊತ್ತಿಗೆ ಕೊಡಲಾಯಿತು ಎಂಬುದನ್ನು ನರ್ಸ್‌ಗಳು ದಾಖಲಿಸುವ ತಂತ್ರಾಂಶವೊಂದನ್ನು ನಮ್ಮ ತಂಡ ಕಟ್ಟುತ್ತಿದೆ. ಅದರ ಇಂಟರ್‌ಫೇಸ್ ವಿನ್ಯಾಸ ನನ್ನ ಪಾಲಿನದು. ಈವರೆಗೆ ನಾನು ಬಿಡಿಸಿರುವ ಪರದೆಗಳ ಸಂಖ್ಯೆ 140ನ್ನು ದಾಟಿದೆ. ಕಳೆದ ವಾರ ಒಂದೇ ಒಂದು ನಿಯಮ ಬದಲಾಯಿತು: ಅಲರ್ಜಿಯ ಎಚ್ಚರಿಕೆ ಬಂದ ಮೇಲೂ ಔಷಧ ಕೊಡಬೇಕಾದರೆ ಇನ್ನೊಬ್ಬ ನರ್ಸ್‌ನ ಒಪ್ಪಿಗೆ ಬೇಕು. ಈ ಒಂದು ಸಾಲಿಗಾಗಿ 31 ಪರದೆಗಳನ್ನು ತಿದ್ದಿದೆ, ಎರಡನ್ನು ಮರೆತೆ, ಮರೆತ ಎರಡೂ ಹಾಗೆಯೇ ಕೋಡ್ ಆಗಿ ಹೋದವು. ಪರೀಕ್ಷೆಯ ಹಂತದಲ್ಲಿ ಸಿಕ್ಕಿಬಿದ್ದದ್ದು ನಮ್ಮ ಪುಣ್ಯ.

ಬಳಕೆದಾರರು ಮಾಡುವ ಕೆಲಸ, ಅದಕ್ಕೆ ಬೇಕಾದ ಮಾಹಿತಿ, ಅದರ ನಿಯಮ ಇವನ್ನೆಲ್ಲ ಒಂದು ಕಡೆ ಮಾದರಿಯಾಗಿ ಬರೆದಿಟ್ಟು, ಪರದೆಗಳನ್ನು ಅದರಿಂದ ಪಡೆಯುವ ಸಾಧನಗಳು ಹಿಂದೆಯೇ ಬಂದಿದ್ದವೆಂದು ಓದಿದ್ದೇನೆ. ಅವುಗಳಲ್ಲಿ ಯಾವುವು ಇಂದಿಗೂ ಕೆಲಸಕ್ಕೆ ಬರುತ್ತವೆ? ಇವು ನಿಜಕ್ಕೂ ಬಳಕೆದಾರರನ್ನು ಕೇಂದ್ರದಲ್ಲಿ ಇಡುತ್ತವೆಯೇ, ಅಥವಾ ನಾನು ಒಂದು ತಲೆನೋವು ಕೊಟ್ಟು ಇನ್ನೊಂದನ್ನು ಕೊಳ್ಳುತ್ತೇನೆಯೇ?

ಸೊನ್ನೆಒಂದು

ಅವು ಸಂಶೋಧನಾ ಪ್ರಬಂಧಗಳ ಒಳಗೆ ಹುಟ್ಟಿ ಅಲ್ಲಿಯೇ ತೀರಿಕೊಂಡ ಸಾಧನಗಳು, ಕಾಲಹರಣ ಬೇಡ.

ಹಳೆಯ ಕೀಲಿಮಣೆ

ಸೊನ್ನೆಒಂದು ಅವರು ಹೇಳಿದ್ದು ಅರ್ಧ ನಿಜ. ಉಳಿದ ಅರ್ಧವನ್ನು ನಾನು ಹೇಳುತ್ತೇನೆ.

1980ರ ದಶಕದಲ್ಲಿ ಜೇಮ್ಸ್ ಫೋಲಿ ಅವರ ತಂಡ ಯುಐಡಿಇ ಎಂಬ ವ್ಯವಸ್ಥೆಯನ್ನು ಕಟ್ಟಿತು. ಪ್ರತಿಯೊಂದು ಆಜ್ಞೆಗೂ ಅದು ನಡೆಯುವ ಮೊದಲು ಯಾವ ಸ್ಥಿತಿ ಇರಬೇಕು, ನಡೆದ ಮೇಲೆ ಯಾವ ಸ್ಥಿತಿ ಉಂಟಾಗುತ್ತದೆ ಎಂಬುದನ್ನು ಬರೆದಿಟ್ಟರೆ, ಮೆನುವಿನ ಯಾವ ಸಾಲು ಮಸುಕಾಗಬೇಕು ಎಂಬುದನ್ನು ವ್ಯವಸ್ಥೆಯೇ ನಿರ್ಧರಿಸುತ್ತಿತ್ತು. ಅಷ್ಟೇ ಅಲ್ಲ, ಅದು ಏಕೆ ಮಸುಕಾಗಿದೆ ಎಂಬುದಕ್ಕೆ ಬಳಕೆದಾರರಿಗೆ ವಿವರಣೆಯನ್ನೂ ಅದೇ ಮಾದರಿಯಿಂದ ಪಡೆಯಬಹುದಾಗಿತ್ತು. ಇಂದು ನಾವು ಬಳಸುವ ಎಷ್ಟು ತಂತ್ರಾಂಶಗಳಲ್ಲಿ ಮಸುಕಾದ ಬಟನ್ ತಾನೇಕೆ ಮಸುಕಾಗಿದ್ದೇನೆಂದು ಹೇಳುತ್ತದೆ? ಆಮೇಲೆ ಹ್ಯೂಮನಾಯ್ಡ್ ಬಂತು, ಸ್ಟ್ಯಾನ್‌ಫರ್ಡ್‌ನಲ್ಲಿ ಏಂಜೆಲ್ ಪುಯೆರ್ತಾ ಅವರ ಮೊಬಿ-ಡಿ ಬಂತು, ಬೆಲ್ಜಿಯಂನ ಲೂವಾನ್-ಲಾ-ನವ್‌ನಲ್ಲಿ ಜ್ಯಾನ್ ವಾಂಡರ್‌ಡೊಂಕ್ಟ್ ಅವರ ಬಳಗದಿಂದ ಇಂಟರ್‌ಫೇಸ್ ವಿವರಿಸುವ ಭಾಷೆಯಾದ ಯೂಸಿಎಕ್ಸ್‌ಎಂಎಲ್ ಮತ್ತು ಅದರ ಸುತ್ತಲಿನ ಹತ್ತಾರು ಸಾಧನಗಳು ಬಂದವು.

ಇವು ಏಕೆ ಹಬ್ಬಲಿಲ್ಲ ಎಂಬುದಕ್ಕೆ 2000ದಲ್ಲಿ ಬ್ರಾಡ್ ಮೈಯರ್ಸ್, ಸ್ಕಾಟ್ ಹಡ್ಸನ್, ರ್‍ಯಾಂಡಿ ಪಾಶ್ ಮೂವರೂ ಸೇರಿ ಬರೆದ ಸಮೀಕ್ಷೆಯಲ್ಲಿ ಉತ್ತರವಿದೆ. ಮಾದರಿಗೂ ಕೊನೆಯ ಪರದೆಗೂ ನಡುವೆ ಸಾಧನವು ತನ್ನದೇ ಊಹೆಗಳನ್ನು ಹೆಣೆಯುತ್ತಿದ್ದುದರಿಂದ, ಮಾದರಿಯಲ್ಲಿ ಇಲ್ಲಿ ಬದಲಿಸಿದರೆ ಪರದೆಯಲ್ಲಿ ಎಲ್ಲಿ ಏನಾಗುತ್ತದೆ ಎಂಬುದು ವಿನ್ಯಾಸಕಾರರ ಅಂಕೆಗೆ ಸಿಗುತ್ತಿರಲಿಲ್ಲ. ಮೇಲಾಗಿ ಮೊದಲ ಪರದೆ ಕಾಣುವುದಕ್ಕೂ ಮುಂಚೆ ಹೊಸದೊಂದು ಭಾಷೆಯನ್ನೇ ಕಲಿಯಬೇಕಿತ್ತು. ನಾನು ಆ ಕಾಲದಲ್ಲಿ ಇಂತಹ ಒಂದು ಸಾಧನವನ್ನು ಎಂಟು ತಿಂಗಳು ಬಳಸಿದವನು. ಒಂದು ಲೇಬಲನ್ನು ಎರಡು ಪದ ಉದ್ದ ಮಾಡಿದ್ದಕ್ಕೆ ಇಡೀ ಫಾರ್ಮ್ ಎರಡು ಟ್ಯಾಬ್‌ಗಳಾಗಿ ಸೀಳಿಹೋದದ್ದನ್ನು ನಾನಿನ್ನೂ ಮರೆತಿಲ್ಲ.

ಗುಬ್ಬಚ್ಚಿ

ನಾನು ವಿದ್ಯಾರ್ಥಿನಿ. ನಮಗೆ ಪಾಠದಲ್ಲಿ ಕಾನ್‌ಕರ್‌ಟಾಸ್ಕ್‌ಟ್ರೀಸ್ ಇದೆ, ಫ್ರಾನ್ಸ್‌ನ ಟೌಲೂಸ್‌ನವರು ಮಾಡಿದ್ದು. ಮರದಂತೆ ಕೆಲಸಗಳನ್ನು ಒಡೆಯುತ್ತಾ ಹೋಗುವುದು. ಚೆನ್ನಾಗಿದೆ ಅನ್ನಿಸಿತು, ಆದರೆ ಅದರಿಂದ ಮುಂದೆ ಏನು ಮಾಡಬೇಕೆಂದು ಯಾರೂ ಹೇಳಿಕೊಡಲಿಲ್ಲ.

ಮರಕೋತಿ

ಗುಬ್ಬಚ್ಚಿಯವರೇ, ಒಂದು ತಿದ್ದುಪಡಿ. ಅದು ಇಟಲಿಯ ಪೀಸಾದಲ್ಲಿ ಫಾಬಿಯೊ ಪತೆರ್ನೊ ಅವರ ಬಳಗ 1990ರ ದಶಕದಲ್ಲಿ ರೂಪಿಸಿದ್ದು. ಟೌಲೂಸ್‌ನದು ಹ್ಯಾಮ್‌ಸ್ಟರ್ಸ್, ಫಿಲಿಪ್ ಪಲಾಂಕ್ ಅವರ ಬಳಗದ್ದು. ಎರಡೂ ಮರಗಳೇ ಆದ್ದರಿಂದ ಗೊಂದಲ ಸಹಜ.

ಕಿಟಕಿಯಂಚು ಅವರ ಪ್ರಶ್ನೆಗೆ ಬರೋಣ. ಕೆಲಸವನ್ನು ಸಣ್ಣ ಸಣ್ಣ ಕೆಲಸಗಳಾಗಿ ಒಡೆಯುವುದು 1967ರಲ್ಲಿ ಆನೆಟ್ ಮತ್ತು ಡಂಕನ್ ಅವರು ವಿವರಿಸಿದ ಶ್ರೇಣೀಕೃತ ಕಾರ್ಯ ವಿಶ್ಲೇಷಣೆಯಲ್ಲಿಯೂ ಇತ್ತು. ಪೀಸಾದವರು ಸೇರಿಸಿದ್ದು ಅಕ್ಕಪಕ್ಕದ ಕೆಲಸಗಳ ನಡುವಿನ ಕಾಲದ ಸಂಬಂಧವನ್ನು ಚಿಹ್ನೆಯಲ್ಲಿ ಬರೆಯುವ ಕ್ರಮ. ನಿಮ್ಮ ವಾರ್ಡಿನ ಕೆಲಸವನ್ನೇ ತೆಗೆದುಕೊಳ್ಳಿ:

ರೋಗಿಯನ್ನು ಗುರುತಿಸು >> ಔಷಧವನ್ನು ತಾಳೆ ನೋಡು >> ಔಷಧ ಕೊಡು >> ದಾಖಲಿಸು

ಒಂದು ಮುಗಿದ ಮೇಲೆ ಇನ್ನೊಂದು ಎಂಬುದಕ್ಕೆ >> ಚಿಹ್ನೆ. ಎರಡು ಕೆಲಸಗಳನ್ನು ಯಾವ ಕ್ರಮದಲ್ಲಾದರೂ ಹೆಣೆದುಕೊಂಡು ಮಾಡಬಹುದಾದರೆ ||| ಚಿಹ್ನೆ. ಎರಡರಲ್ಲಿ ಒಂದು ಎಂಬುದಕ್ಕೆ [] ಚಿಹ್ನೆ. ಎಡಗಡೆಯ ಕೆಲಸವನ್ನು ಬಲಗಡೆಯದು ಕೊಂದುಹಾಕುತ್ತದೆ ಎಂಬುದಕ್ಕೆ [> ಚಿಹ್ನೆ. ಎಡಗಡೆಯದನ್ನು ತಡೆದು ನಿಲ್ಲಿಸಿ, ತನ್ನದು ಮುಗಿದ ಮೇಲೆ ಬಿಟ್ಟಲ್ಲಿಂದ ಮುಂದುವರಿಸಲು ಬಿಡುತ್ತದೆ ಎಂಬುದಕ್ಕೆ |> ಚಿಹ್ನೆ. ಈಗ ನಿಮ್ಮನ್ನು ಒಂದು ಮಾತು ಕೇಳುತ್ತೇನೆ: ನರ್ಸ್ ಔಷಧವನ್ನು ತಾಳೆ ನೋಡುತ್ತಿರುವಾಗ ಪಕ್ಕದ ಹಾಸಿಗೆಯಿಂದ ತುರ್ತು ಕರೆ ಬಂದರೆ ಅದು [> ಆಗಬೇಕೋ |> ಆಗಬೇಕೋ? ಅಂದರೆ, ಮರಳಿ ಬಂದಾಗ ರೋಗಿಯನ್ನು ಮತ್ತೆ ಗುರುತಿಸಬೇಕೋ ಬೇಡವೋ? ನಿಮ್ಮ 140 ಪರದೆಗಳಲ್ಲಿ ಇದಕ್ಕೆ ಉತ್ತರ ಎಲ್ಲಿದೆ?

ಸಿಟಿಟಿಇ ಎಂಬ ಸಾಧನದಲ್ಲಿ ಈ ಮರವನ್ನು ಬರೆದು ಅಲ್ಲಿಯೇ ಓಡಿಸಿ ನೋಡಬಹುದು. ಒಂದು ಕೆಲಸ ಮುಗಿದಿದೆ ಎಂದು ಒತ್ತಿದರೆ, ಆ ಕ್ಷಣದಲ್ಲಿ ಯಾವ ಯಾವ ಕೆಲಸಗಳಿಗೆ ದಾರಿ ತೆರೆದಿದೆ ಎಂಬುದನ್ನು ಅದು ತೋರಿಸುತ್ತದೆ. ಹಾಗೆ ಒಟ್ಟಿಗೆ ತೆರೆದುಕೊಳ್ಳುವ ಕೆಲಸಗಳ ಗುಂಪೇ ಒಂದು ಪರದೆಗೆ ಮೊದಲ ಅಂದಾಜು.

ಕಿಟಕಿಯಂಚು

ಉತ್ತರ ಎಲ್ಲಿಯೂ ಇಲ್ಲ. ಕರೆ ಬರುವುದನ್ನು ನಾವು ಯೋಚಿಸಿಯೇ ಇರಲಿಲ್ಲ.

ಬಿಂದುರೇಖೆ

ಮರಕೋತಿಯವರು ಒಂದು ಗುಂಡಿಯನ್ನು ತೋರಿಸದೆ ಬಿಟ್ಟಿದ್ದಾರೆ, ನಾನು ಅದರಲ್ಲಿ ಬಿದ್ದವನಾದ್ದರಿಂದ ಹೇಳುತ್ತೇನೆ. ಈ ಚಿಹ್ನೆಗಳಿಗೆ ಆದ್ಯತೆಯ ಕ್ರಮವಿದೆ. "ಆರಿಸು >> ಭರ್ತಿ ಮಾಡು [> ರದ್ದು ಮಾಡು" ಎಂದು ಬರೆದರೆ ರದ್ದು ಮಾಡುವುದು ಭರ್ತಿ ಮಾಡುವ ಹಂತಕ್ಕೆ ಮಾತ್ರ ಅಂಟಿಕೊಳ್ಳುತ್ತದೆ, ಏಕೆಂದರೆ [> ಚಿಹ್ನೆಯ ಹಿಡಿತ >> ಚಿಹ್ನೆಗಿಂತ ಬಿಗಿ. ಆರಿಸುವಾಗಲೂ ರದ್ದು ಮಾಡಬೇಕೆಂದಿದ್ದರೆ ಮೊದಲಿನ ಎರಡನ್ನೂ ಒಂದು ತಾಯಿಕೆಲಸದ ಕೆಳಗೆ ಕೂಡಿಸಿ, ಆ ತಾಯಿಯ ಪಕ್ಕದಲ್ಲಿ [> ಹಾಕಬೇಕು. ನಮ್ಮ ಮೊದಲ ಮರದಲ್ಲಿ ಈ ತಪ್ಪು ಏಳು ಕಡೆ ಇತ್ತು, ಓಡಿಸಿ ನೋಡುವವರೆಗೆ ಒಬ್ಬರ ಕಣ್ಣಿಗೂ ಬೀಳಲಿಲ್ಲ.

ಸೊನ್ನೆಒಂದು

ನೋಡಿ, ಇದನ್ನೇ ನಾನು ಹೇಳಿದ್ದು. ರದ್ದು ಬಟನ್ ಹಾಕುವುದಕ್ಕೆ ಆವರಣ ಚಿಹ್ನೆಗಳ ವ್ಯಾಕರಣ ಕಲಿಯಬೇಕು. ಬಳಕೆದಾರ ಕೇಂದ್ರಿತ ಎಂದು ಹೆಸರಿಟ್ಟುಕೊಂಡ ಸಾಧನವು ತನ್ನ ಬಳಕೆದಾರನಾದ ವಿನ್ಯಾಸಕಾರನನ್ನೇ ಕಡೆಗಣಿಸಿದರೆ ಏನು ಹೇಳೋಣ?

ಅಷ್ಟಕ್ಕೂ ಮಾದರಿಯಿಂದ ಪರದೆ ತೆಗೆಯುವುದು ನಮಗೆ ಹೊಸದೇನಲ್ಲ. ವೆಬ್ ತಂತ್ರಾಂಶ ಕಟ್ಟುವ ಚೌಕಟ್ಟಾದ ಜ್ಯಾಂಗೋದ ಅಡ್ಮಿನ್ ಪುಟಗಳು ಏನು? ಟೇಬಲ್ ಬರೆಯಿರಿ, ಪಟ್ಟಿ, ಹುಡುಕಾಟ, ತಿದ್ದುವ ಫಾರ್ಮ್ ಎಲ್ಲವೂ ಪುಕ್ಕಟೆಯಾಗಿ ಬರುತ್ತವೆ. ಸ್ಕೀಮಾದಿಂದ, ಅಂದರೆ ದತ್ತಾಂಶದ ರಚನೆಯ ವಿವರಣೆಯಿಂದ, ಫಾರ್ಮ್ ಹುಟ್ಟಿಸುವ ಜೇಸನ್ ಫಾರ್ಮ್ಸ್‌ನಂತಹವೂ ಇವೆ. ಮರವಿಲ್ಲ, ಗ್ರೀಕ್ ಚಿಹ್ನೆಗಳಿಲ್ಲ, ಕೆಲಸ ನಡೆಯುತ್ತಿದೆ.

ಮರಕೋತಿ

ಗ್ರೀಕ್ ಚಿಹ್ನೆ ನಾನು ಒಂದನ್ನೂ ಬರೆದಿಲ್ಲ ಎಂಬುದನ್ನು ವಿನಯದಿಂದ ದಾಖಲಿಸುತ್ತೇನೆ.

ಅರೆವಿರಾಮ

ಸೊನ್ನೆಒಂದು ಅವರು ಕೊಟ್ಟ ಉದಾಹರಣೆ ಅವರ ವಾದಕ್ಕೇ ತಿರುಗೇಟು. ಅಲ್ಲಿರುವುದು ದತ್ತಾಂಶದ ಮಾದರಿ, ಬಳಕೆದಾರರು ಮಾಡುವ ಕೆಲಸದ ಮಾದರಿಯಲ್ಲ. ಹಾಗೆ ಹುಟ್ಟಿದ ಪರದೆ ಟೇಬಲಿನ ಆಕಾರದಲ್ಲಿ ಇರುತ್ತದೆ. ಮನುಷ್ಯರ ಕೆಲಸ ಟೇಬಲಿನ ಆಕಾರದಲ್ಲಿ ಇರುವುದಿಲ್ಲ. ಒಂದು ಪ್ರಯೋಗಾಲಯಕ್ಕೆ ನಾವು ಹೀಗೆಯೇ ಪರದೆಗಳನ್ನು ಹುಟ್ಟಿಸಿ ಕೊಟ್ಟಿದ್ದೆವು. ರಕ್ತದ ಮಾದರಿ ಒಂದು ಟೇಬಲ್, ಅದನ್ನಿಡುವ ಕೊಳವೆ ಒಂದು ಟೇಬಲ್, ಪರೀಕ್ಷೆ ಇನ್ನೊಂದು ಟೇಬಲ್, ಆದ್ದರಿಂದ ಮೂರು ಪರದೆ. ತಂತ್ರಜ್ಞರು ಒಂದು ಕೊಳವೆಯನ್ನು ಕೈಯಲ್ಲಿ ಹಿಡಿದುಕೊಂಡು ಮೂರು ಪರದೆಗಳ ನಡುವೆ ಓಡಾಡುತ್ತಿದ್ದರು. ನಾನು ಹೋಗಿ ಅವರ ಹಿಂದೆ ಅರ್ಧ ದಿನ ನಿಂತು ನೋಡಿದಾಗ, ಕೊಳವೆಯ ಸಂಖ್ಯೆಯನ್ನು ಅವರು ಮೊದಲು ಕೈಗವಸಿನ ಮೇಲೆ ಪೆನ್ನಿನಲ್ಲಿ ಬರೆದುಕೊಂಡು, ಆಮೇಲೆ ಎರಡನೆಯ ಪರದೆಯಲ್ಲಿ ಟೈಪ್ ಮಾಡುತ್ತಿದ್ದರು. ಯಾವ ಸ್ಕೀಮಾದಲ್ಲಿಯೂ ಆ ಕೈಗವಸು ಇರಲಿಲ್ಲ.

ಹಳೆಯ ಕೀಲಿಮಣೆ

ಕೈಗವಸಿನ ಮಾತು ನೂರಕ್ಕೆ ನೂರು ಸರಿ. ಆದರೆ ಅದೇ ಮಾತು ಕಾರ್ಯಮಾದರಿಗೂ ಅನ್ವಯಿಸುತ್ತದೆ, ಅರೆವಿರಾಮ ಅವರೇ. ಸಭೆಯ ಕೊಠಡಿಯಲ್ಲಿ ಕುಳಿತು ಬರೆದ ಮರದಲ್ಲಿಯೂ ಕೈಗವಸು ಇರುವುದಿಲ್ಲ. ಬಳಕೆದಾರ ಕೇಂದ್ರಿತ ವಿನ್ಯಾಸದ ಐಎಸ್‌ಒ 9241-210 ಮಾನಕವು ಬಳಕೆಯ ಸಂದರ್ಭವನ್ನು ಅರಿಯುವುದು, ಅಗತ್ಯಗಳನ್ನು ನಿರೂಪಿಸುವುದು, ವಿನ್ಯಾಸ ಮಾಡುವುದು, ಅದನ್ನು ಅಳೆದು ನೋಡುವುದು ಎಂದು ಸುತ್ತು ಹಾಕುವ ಕ್ರಮವನ್ನು ಹೇಳುತ್ತದೆಯೇ ಹೊರತು, ಇಂತಹ ಚಿತ್ರವನ್ನು ಬಿಡಿಸಿದರೆ ಬಳಕೆದಾರರು ಕೇಂದ್ರಕ್ಕೆ ಬಂದಂತೆ ಎಂದು ಹೇಳುವುದಿಲ್ಲ. ನಾನು ಕಂಡ ಅತಿ ಸುಂದರವಾದ ಕಾರ್ಯಮಾದರಿಯನ್ನು ಬರೆದವರು ಆ ಕೆಲಸ ಮಾಡುವ ಒಬ್ಬರನ್ನೂ ಭೇಟಿಯಾಗಿರಲಿಲ್ಲ.

ಮರಕೋತಿ

ಒಪ್ಪುತ್ತೇನೆ. ಆದರೂ ಒಂದು ವ್ಯತ್ಯಾಸವಿದೆ. ಪೀಸಾದವರ ಮರದಲ್ಲಿ ಪ್ರತಿಯೊಂದು ಕೆಲಸಕ್ಕೂ ಅದನ್ನು ಮಾಡುವವರು ಯಾರು ಎಂಬ ಗುರುತು ಹಾಕಲೇಬೇಕು: ಬಳಕೆದಾರರು ಮನಸ್ಸಿನಲ್ಲೇ ಅಥವಾ ಯಂತ್ರದ ಹೊರಗೆ ಮಾಡುವುದು, ವ್ಯವಸ್ಥೆ ತಾನೇ ಮಾಡುವುದು, ಇಬ್ಬರ ನಡುವೆ ನಡೆಯುವುದು, ಇನ್ನೂ ಒಡೆಯಬೇಕಾದದ್ದು. ಮೊದಲನೆಯ ಬಗೆಯ ಗುರುತು ಹಾಕುವಾಗ "ಈ ಸಂಖ್ಯೆಯನ್ನು ಅವರು ನೆನಪಿಟ್ಟುಕೊಳ್ಳುತ್ತಾರೆ" ಎಂದು ಬರೆಯಬೇಕಾಗುತ್ತದೆ, ಬರೆದ ಕೂಡಲೇ "ಹೇಗೆ?" ಎಂಬ ಪ್ರಶ್ನೆ ಏಳುತ್ತದೆ. ಪರದೆ ಬಿಡಿಸುವ ಸಾಧನದಲ್ಲಿ ಪರದೆಯ ಹೊರಗೆ ನಡೆಯುವುದನ್ನು ಬರೆಯಲು ಜಾಗವೇ ಇಲ್ಲ. ಹ್ಯಾಮ್‌ಸ್ಟರ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನೋಡುವುದು, ಯೋಚಿಸುವುದು, ಕೈಯಾಡಿಸುವುದು ಎಂದು ಬಳಕೆದಾರರ ಕೆಲಸವನ್ನೇ ಬಗೆಬಗೆಯಾಗಿ ಒಡೆಯುತ್ತದೆ.

ಗುಬ್ಬಚ್ಚಿ

ಪರದೆಗಳ ನಡುವಿನ ಓಡಾಟವನ್ನು ಬರೆಯುವ ಐಎಫ್‌ಎಂಎಲ್ ಎಂಬ ಮಾದರಿ ಭಾಷೆಯ ಬಗ್ಗೆ ಯಾರೂ ಹೇಳಲಿಲ್ಲವಲ್ಲ? ಅದು ವೆಬ್ ಮಾನಕಗಳ ಸಂಸ್ಥೆಯಾದ ಡಬ್ಲ್ಯೂ3ಸಿಯ ಮಾನಕ ತಾನೇ, ಹಾಗಾದರೆ ಅದನ್ನೇ ಬಳಸಬಹುದಲ್ಲವೇ?

ಬಿಂದುರೇಖೆ

ಅಲ್ಲ, ಅದು ಒಎಂಜಿ ಎಂಬ ಇನ್ನೊಂದು ಸಂಸ್ಥೆಯ ಮಾನಕ. 2013ರಲ್ಲಿ ಅಂಗೀಕಾರವಾಗಿ, 2015ರಲ್ಲಿ 1.0 ಆವೃತ್ತಿ ಬಂತು. ಮಿಲಾನ್‌ನ ಪಾಲಿಟೆಕ್ನಿಕ್‌ನಲ್ಲಿ ಹುಟ್ಟಿದ ವೆಬ್‌ಎಂಎಲ್ ಅದರ ಮೂಲ, ವೆಬ್‌ರೇಷಿಯೋ ಅದನ್ನು ಬೆಂಬಲಿಸುವ ವಾಣಿಜ್ಯ ಸಾಧನ. ಡಬ್ಲ್ಯೂ3ಸಿಯಲ್ಲಿ ಮಾದರಿ ಆಧಾರಿತ ಇಂಟರ್‌ಫೇಸ್‌ಗಳ ಕಾರ್ಯತಂಡ ಬೇರೆಯೇ ಇತ್ತು. ಐಎಫ್‌ಎಂಎಲ್‌ನಲ್ಲಿ ಏನು ತೋರಿಸಬೇಕು, ಯಾವ ಘಟನೆಯಿಂದ ಎಲ್ಲಿಗೆ ಹೋಗಬೇಕು, ಹೋಗುವಾಗ ಯಾವ ಮಾಹಿತಿಯನ್ನು ಕೊಂಡೊಯ್ಯಬೇಕು ಎಂಬುದನ್ನು ಬರೆಯಬಹುದು. ಪಟ್ಟಿ, ವಿವರ, ಫಾರ್ಮ್ ಇರುವ ವ್ಯವಹಾರದ ತಂತ್ರಾಂಶಗಳಿಗೆ ಅದು ಒಗ್ಗುತ್ತದೆ. ಆದರೆ ಅದು ಕೆಲಸಕ್ಕಿಂತ ಪರದೆಗೆ ಹತ್ತಿರ. ಕರೆ ಬಂದು ನಿಂತುಹೋದ ಕೆಲಸವನ್ನು ಅದರಲ್ಲಿ ಹೇಳುವುದು ಸುಲಭವಲ್ಲ.

ಕಿಟಕಿಯಂಚು

ಹಾಗಾದರೆ ಈ ಪದರಗಳ ಲೆಕ್ಕವೇನು? ಅಮೂರ್ತ ಇಂಟರ್‌ಫೇಸ್ ಎಂಬ ಮಾತು ಎಲ್ಲ ಕಡೆ ಬರುತ್ತದೆ, ಅದು ಪರದೆಯ ಬರಿಗೆರೆಯ ಕರಡಾದ ವೈರ್‌ಫ್ರೇಮ್‌ಗಿಂತ ಹೇಗೆ ಬೇರೆ ಎಂಬುದು ತಿಳಿಯಲಿಲ್ಲ.

ಹಳೆಯ ಕೀಲಿಮಣೆ

2003ರಲ್ಲಿ ಪ್ರಕಟವಾದ ಕ್ಯಾಮೆಲಿಯನ್ ಚೌಕಟ್ಟಿನಲ್ಲಿ ನಾಲ್ಕು ಹಂತಗಳಿವೆ. ಮೇಲೆ ಕೆಲಸ ಮತ್ತು ಪರಿಕಲ್ಪನೆಗಳು. ಅದರ ಕೆಳಗೆ ಅಮೂರ್ತ ಇಂಟರ್‌ಫೇಸ್. ಆಮೇಲೆ ಮೂರ್ತ ಇಂಟರ್‌ಫೇಸ್. ಕೊನೆಗೆ ಓಡುವ ಕೋಡ್. "ಈ ಐದರಲ್ಲಿ ಒಂದನ್ನು ಆರಿಸು" ಎಂಬುದು ಅಮೂರ್ತ. ಅದು ರೇಡಿಯೋ ಬಟನ್ ಆಗಬೇಕೋ, ಡ್ರಾಪ್‌ಡೌನ್ ಆಗಬೇಕೋ, ಪರದೆಯೇ ಇಲ್ಲದ ಕಡೆ ಧ್ವನಿಯಲ್ಲಿ ಓದಿಹೇಳುವ ಪಟ್ಟಿಯಾಗಬೇಕೋ ಎಂಬುದು ಮೂರ್ತ. ವೈರ್‌ಫ್ರೇಮ್‌ನಲ್ಲಿ ನೀವು ಡ್ರಾಪ್‌ಡೌನಿನ ಬಾಣದ ಗುರುತನ್ನು ಬಿಡಿಸಿದ ಕ್ಷಣವೇ ಮೂರ್ತಕ್ಕೆ ಇಳಿದಿದ್ದೀರಿ, ಬಣ್ಣ ಬಳಿಯದಿದ್ದರೂ.

ಈ ನಡುವಿನ ಹಂತಕ್ಕಾಗಿಯೇ ಲ್ಯಾರಿ ಕಾನ್‌ಸ್ಟಂಟೈನ್ ಅವರು ಅಮೂರ್ತ ಘಟಕಗಳ ಒಂದು ಚಿಹ್ನೆಸಂಚಯವನ್ನು ಮಾಡಿದರು. ಅದನ್ನು ಆಧರಿಸಿ ಪೋರ್ಚುಗಲ್‌ನ ಮಡೈರಾದಲ್ಲಿ ಪೆದ್ರೊ ಕಾಂಪೊಸ್ ಮತ್ತು ನೂನೊ ನೂನೆಸ್ ಅವರು ಕ್ಯಾನನ್‌ಸ್ಕೆಚ್ ಎಂಬ ಸಾಧನವನ್ನು ಕಟ್ಟಿದರು. ಅದೇ ವಿನ್ಯಾಸವನ್ನು ತಂತ್ರಾಂಶದ ರಚನೆ ತೋರಿಸುವ ಯುಎಂಎಲ್ ಚಿತ್ರವಾಗಿ, ಅಮೂರ್ತ ಮಾದರಿಯಾಗಿ, ಎಚ್‌ಟಿಎಂಎಲ್ ಪರದೆಯಾಗಿ ಮೂರು ನೋಟಗಳಲ್ಲಿ ನೋಡಬಹುದಾಗಿತ್ತು. ನನಗೆ ಮೆಚ್ಚುಗೆಯಾದದ್ದು ಅದರ ಹಿಂದಿನ ಮನೋಧರ್ಮ: ವಿನ್ಯಾಸಕಾರರು ಮೇಲಿನಿಂದ ಕೆಳಗೆ ಶಿಸ್ತಾಗಿ ಇಳಿಯುವುದಿಲ್ಲ, ಒಂದು ನೋಟದಿಂದ ಇನ್ನೊಂದಕ್ಕೆ ಹಾರುತ್ತಾರೆ, ಸಾಧನ ಅದಕ್ಕೆ ಹೊಂದಿಕೊಳ್ಳಬೇಕು. ಯೂಸಿಎಕ್ಸ್‌ಎಂಎಲ್ ಬಳಗದ ಸ್ಕೆಚಿಎಕ್ಸ್‌ಎಂಎಲ್ ಕೂಡ ಕೈಯಲ್ಲಿ ಗೀಚಿದ ಪರದೆಯನ್ನು ಗುರುತಿಸಿ ಮಾದರಿಯಾಗಿ ಮಾಡುತ್ತಿತ್ತು.

ಸೊನ್ನೆಒಂದು

ಈಗ ಎಐ ಭಾಷಾ ಮಾದರಿಗೆ ಎರಡು ವಾಕ್ಯ ಹೇಳಿದರೆ ಇಡೀ ಪರದೆ ಕೋಡ್ ಸಮೇತ ಬರುತ್ತದೆ. ನಾಲ್ಕು ಹಂತ ಇಳಿಯುವವರು ಇಳಿಯಲಿ.

ಹಳೆಯ ಕೀಲಿಮಣೆ

ಆ ಎರಡು ವಾಕ್ಯಗಳಲ್ಲಿ ಒಂದು ಪದ ಬದಲಿಸಿದರೆ ಯಾವ ಪರದೆಯಲ್ಲಿ ಏನು ಬದಲಾಗುತ್ತದೆಂದು ಮುಂಚಿತವಾಗಿ ಹೇಳಬಲ್ಲಿರಾ? 2000ದಲ್ಲಿ ಬರೆದ ದೂರನ್ನು ಹೊಸ ಲಕೋಟೆಗೆ ಹಾಕಿದ್ದೀರಿ, ಅಷ್ಟೇ.

ಅರೆವಿರಾಮ

ಪರದೆ ಹುಟ್ಟಿಸುವುದರ ಬಗ್ಗೆಯೇ ಮಾತು ಸುತ್ತುತ್ತಿದೆ. ಮಾದರಿಯಿಂದ ಅಳತೆಯೂ ಸಿಗುತ್ತದೆ ಎಂಬುದನ್ನು ಯಾರೂ ಎತ್ತಲಿಲ್ಲ. ಕಾರ್ಡ್, ಮೊರಾನ್, ನ್ಯೂವೆಲ್ ಅವರು 1980ರಲ್ಲಿ ಕೊಟ್ಟ ಕೀಲಿಒತ್ತು ಲೆಕ್ಕ ಇಂದಿಗೂ ನನ್ನ ಕೈಹಿಡಿಯುತ್ತದೆ. ನುರಿತವರು ಒಂದು ಕೀಲಿ ಒತ್ತಲು 0.2 ಸೆಕೆಂಡ್, ಮೌಸಿನಿಂದ ಗುರಿ ಮುಟ್ಟಲು 1.1, ಗುಂಡಿ ಒತ್ತಿ ಬಿಡಲು 0.2, ಕೀಲಿಮಣೆ ಮತ್ತು ಮೌಸಿನ ನಡುವೆ ಕೈ ಒಯ್ಯಲು 0.4, ಮುಂದಿನದಕ್ಕೆ ಮನಸ್ಸು ಸಜ್ಜಾಗಲು 1.35.

ಔಷಧದ ಪ್ರಮಾಣವನ್ನು ಡ್ರಾಪ್‌ಡೌನಿನಿಂದ ಆರಿಸುವುದನ್ನು ತೆಗೆದುಕೊಳ್ಳಿ. ಕೈ ಮೌಸಿಗೆ ಹೋಗಬೇಕು, ಮನಸ್ಸು ಸಜ್ಜಾಗಬೇಕು, ಪೆಟ್ಟಿಗೆಗೆ ಗುರಿಯಿಟ್ಟು ಒತ್ತಬೇಕು, ಸಾಲಿಗೆ ಗುರಿಯಿಟ್ಟು ಒತ್ತಬೇಕು, ಕೈ ಕೀಲಿಮಣೆಗೆ ಮರಳಬೇಕು: ಒಟ್ಟು 4.75 ಸೆಕೆಂಡ್. ಅದೇ ಪ್ರಮಾಣವನ್ನು ನಾಲ್ಕು ಅಂಕೆಗಳಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದರೆ, ಮನಸ್ಸು ಸಜ್ಜಾಗುವುದೂ ಸೇರಿ, 2.35. ಒಂದು ಪಾಳಿಯಲ್ಲಿ ಇದು ಎಷ್ಟು ಸಲ ನಡೆಯುತ್ತದೆಂದು ಕಿಟಕಿಯಂಚು ಅವರು ಗುಣಿಸಿಕೊಳ್ಳಲಿ. ಕಾರ್ನೆಗಿ ಮೆಲನ್‌ನಲ್ಲಿ ಬಾನಿ ಜಾನ್ ಅವರ ಮುಂದಾಳುತನದಲ್ಲಿ ತಯಾರಾದ ಕಾಗ್‌ಟೂಲ್ ಈ ಲೆಕ್ಕವನ್ನು ತಾನೇ ಮಾಡುತ್ತದೆ. ಪರದೆಗಳ ಚಿತ್ರಗಳನ್ನು ಜೋಡಿಸಿ, ಕೆಲಸವನ್ನು ಒಮ್ಮೆ ಮಾಡಿ ತೋರಿಸಿದರೆ ಸಾಕು.

ಬಿಂದುರೇಖೆ

ಆ ಲೆಕ್ಕ ತಪ್ಪೇ ಮಾಡದ, ಕೈ ಪಳಗಿದ ಬಳಕೆದಾರರದು ಎಂಬುದನ್ನು ದಪ್ಪಕ್ಷರದಲ್ಲಿ ಬರೆಯಬೇಕಿತ್ತು, ಅರೆವಿರಾಮ ಅವರೇ. ಪ್ರಮಾಣವನ್ನು ಟೈಪ್ ಮಾಡಲು ಬಿಟ್ಟರೆ ಒಂದು ಸೊನ್ನೆ ಹೆಚ್ಚು ಬಿದ್ದದ್ದಕ್ಕೆ ಹತ್ತು ಪಟ್ಟು ಔಷಧ ಹೋಗಬಹುದು. ನಿಮ್ಮ 2.35 ಸೆಕೆಂಡುಗಳಲ್ಲಿ ಅದಕ್ಕೆ ಅಂಕಣವಿಲ್ಲ.

ಅರೆವಿರಾಮ

ಸರಿ, ನನ್ನ ಉದಾಹರಣೆ ಕೆಟ್ಟದ್ದಾಯಿತು. ಲೆಕ್ಕ ಕೆಟ್ಟದ್ದಲ್ಲ. ರೋಗಿಯ ಹೆಸರು ಹುಡುಕುವ ಪೆಟ್ಟಿಗೆಗೆ ಅದನ್ನು ಅನ್ವಯಿಸಿಕೊಳ್ಳಿ.

ಹುಟ್ಟಿಸುವುದರ ಪರವಾಗಿಯೂ ಒಂದು ಮಾತು ಹೇಳಿಬಿಡುತ್ತೇನೆ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟಾಫ್ ಗಾಯೋಸ್ ಮತ್ತು ಡೇನಿಯಲ್ ವೆಲ್ಡ್ ಅವರು ಕಟ್ಟಿದ ಸಪಲ್ ಎಂಬ ವ್ಯವಸ್ಥೆಯು ಬಳಕೆದಾರರು ಹೇಗೆ ಗುರಿ ಮುಟ್ಟುತ್ತಾರೆ, ಹೇಗೆ ಎಳೆಯುತ್ತಾರೆ ಎಂಬುದನ್ನು ಅಳೆದು, ಅವರ ಕೈಗೆ ಒಗ್ಗುವ ಪರದೆಯನ್ನು ಲೆಕ್ಕ ಹಾಕಿ ಜೋಡಿಸುತ್ತಿತ್ತು. ಕೈ ಚಲನೆಯ ತೊಂದರೆ ಇದ್ದವರು ಮಾಮೂಲಿ ಪರದೆಗಿಂತ ಅದರಲ್ಲಿ ಬೇಗನೆಯೂ ಕಡಿಮೆ ತಪ್ಪಿನಿಂದಲೂ ಕೆಲಸ ಮಾಡಿದರು. ಪ್ರತಿಯೊಬ್ಬರಿಗೂ ಬೇರೆ ಪರದೆಯನ್ನು ಕೈಯಿಂದ ಬಿಡಿಸಿಕೊಡುವ ವಿನ್ಯಾಸಕಾರ ಯಾವ ತಂಡದಲ್ಲಿದ್ದಾನೆ?

ಬಿಂದುರೇಖೆ

ಕಿಟಕಿಯಂಚು ಅವರಿಗೆ ನನ್ನ ಸಲಹೆ ಬೇರೆ. ಪರದೆಗಳನ್ನು ಹುಟ್ಟಿಸಲು ಹೋಗಬೇಡಿ. ನಡವಳಿಕೆಯನ್ನು ಮಾತ್ರ ಮಾದರಿಯಾಗಿ ಬರೆಯಿರಿ, ರೂಪವನ್ನು ಕೈಯಿಂದಲೇ ಬಿಡಿಸಿ. ವ್ಯವಸ್ಥೆ ಯಾವ ಸ್ಥಿತಿಯಿಂದ ಯಾವ ಸ್ಥಿತಿಗೆ ಹೋಗುತ್ತದೆಂದು ತೋರಿಸುವ ಚಿತ್ರವೇ ಸ್ಟೇಟ್‌ಚಾರ್ಟ್. ಡೇವಿಡ್ ಹರೆಲ್ ಅವರು 1987ರಲ್ಲಿ ಪ್ರಕಟಿಸಿದ ಅದು ವಿಮಾನದ ಎಲೆಕ್ಟ್ರಾನಿಕ್ಸ್ ವ್ಯವಸ್ಥೆಯ ಕೆಲಸದಲ್ಲಿ ಹುಟ್ಟಿದ್ದು. ಅದನ್ನು ಕಡತವಾಗಿ ಬರೆಯುವ ಎಸ್‌ಸಿಎಕ್ಸ್‌ಎಂಎಲ್ ಭಾಷೆ 2015ರಲ್ಲಿ ಡಬ್ಲ್ಯೂ3ಸಿ ಶಿಫಾರಸಾಯಿತು. ಇಂದು ವೆಬ್ ಡೆವಲಪರ್‌ಗಳು ಎಕ್ಸ್‌ಸ್ಟೇಟ್ ಎಂಬ ಲೈಬ್ರರಿಯಲ್ಲಿ ಸ್ಟೇಟ್‌ಚಾರ್ಟನ್ನೇ ಬರೆಯುತ್ತಿದ್ದಾರೆ. ಅದರಲ್ಲಿರುವ ಹಿಸ್ಟರಿ ಸ್ಥಿತಿ ನಿಮ್ಮ ತುರ್ತು ಕರೆಗೆ ಹೇಳಿ ಮಾಡಿಸಿದಂತಿದೆ: ಬಿಟ್ಟುಹೋದ ಒಳಸ್ಥಿತಿಗೆ ಮರಳುವುದು. ಕಾಕ್‌ಪಿಟ್ ಪರದೆಗಳಿಗೆ ಎಆರ್‌ಐಎನ್‌ಸಿ 661 ಮಾನಕವು ಇದೇ ಬಗೆಯ ಗೆರೆ ಎಳೆದಿದೆ. ಪರದೆಯ ಘಟಕಗಳನ್ನು ತೋರಿಸುವ ಭಾಗ ಬೇರೆ, ಅವುಗಳಿಗೆ ಏನಾಗಬೇಕೆಂದು ಹೇಳುವ ಭಾಗ ಬೇರೆ.

ಸೊನ್ನೆಒಂದು

ಇದನ್ನು ನಾನು ಒಪ್ಪುತ್ತೇನೆ. ಇದರಲ್ಲಿ ಕೋಡ್ ಇದೆ.

ಕಿಟಕಿಯಂಚು

ಮೂರು ವಾರಗಳ ನಂತರ ವರದಿ ಒಪ್ಪಿಸುತ್ತಿದ್ದೇನೆ. ಔಷಧ ಕೊಡುವ ಒಂದೇ ಕೆಲಸಕ್ಕೆ ಮರ ಬರೆದೆ, ಮೊದಲು ಕಾಗದದ ಮೇಲೆ, ಆಮೇಲೆ ಸಿಟಿಟಿಇಯಲ್ಲಿ. ಬರೆದದ್ದನ್ನು ಹಿಡಿದುಕೊಂಡು ವಾರ್ಡಿಗೆ ಹೋಗಿ ಇಬ್ಬರು ನರ್ಸ್‌ಗಳ ಮುಂದೆ ಓಡಿಸಿ ತೋರಿಸಿದೆ. ಚಿಹ್ನೆಗಳನ್ನು ಅವರು ನೋಡಲೇ ಇಲ್ಲ, ಆದರೆ "ಈಗ ಇವಿಷ್ಟನ್ನು ಮಾತ್ರ ಮಾಡಬಹುದು" ಎಂದು ಅದು ತೋರಿಸಿದಾಗಲೆಲ್ಲ ತಡೆದರು. ಎರಡನೆಯ ನರ್ಸ್‌ನ ಒಪ್ಪಿಗೆಯನ್ನು ನಾನು >> ಎಂದು ಬರೆದಿದ್ದೆ. ಅವರು ಹೇಳಿದ ಪ್ರಕಾರ ರಾತ್ರಿ ಪಾಳಿಯಲ್ಲಿ ಎರಡನೆಯವರು ಬರುವುದಕ್ಕೆ ಹೊತ್ತಾಗುತ್ತದೆ, ಅಷ್ಟರಲ್ಲಿ ಮೊದಲನೆಯವರು ಇನ್ನೊಬ್ಬ ರೋಗಿಯ ಬಳಿ ಹೋಗಿರುತ್ತಾರೆ. ಅಂದರೆ ಒಪ್ಪಿಗೆಗೆ ಕಾಯುತ್ತಿರುವ ಕೆಲಸಗಳ ಪಟ್ಟಿ ಎಂಬ ಪರದೆಯೊಂದು ಬೇಕಾಗಿತ್ತು, ಅದು ನನ್ನ 140ರಲ್ಲಿ ಇರಲಿಲ್ಲ. ತುರ್ತು ಕರೆಯಿಂದ ಮರಳಿದಾಗ ರೋಗಿಯನ್ನು ಮತ್ತೆ ಗುರುತಿಸಲೇಬೇಕು ಎಂದು ಇಬ್ಬರೂ ಒಂದೇ ದನಿಯಲ್ಲಿ ಹೇಳಿದರು, ಆದ್ದರಿಂದ ಬಿಂದುರೇಖೆಯವರ ಹಿಸ್ಟರಿ ಸ್ಥಿತಿ ನಮಗೆ ಒದಗಲಿಲ್ಲ. ಸ್ಟೇಟ್‌ಚಾರ್ಟ್ ಮಾತ್ರ ಒದಗಿತು. ಮರವನ್ನು ನೋಡಿಕೊಂಡು ನಮ್ಮ ಡೆವಲಪರ್ ಅದನ್ನು ಬರೆದುಕೊಂಡರು.

ಪರದೆಗಳನ್ನು ಈಗಲೂ ಕೈಯಿಂದಲೇ ಬಿಡಿಸುತ್ತಿದ್ದೇನೆ. ಉಳಿದಿರುವ ತೊಡಕೆಂದರೆ, ಮರ ಒಂದು ಕಡೆ, ಪರದೆಗಳು ಇನ್ನೊಂದು ಕಡೆ. ಮರದಲ್ಲಿ ಒಂದು ಕೆಲಸ ಬದಲಾದರೆ ಯಾವ ಪರದೆಗಳಿಗೆ ತಾಗುತ್ತದೆಂದು ಈಗಲೂ ನನ್ನ ನೆನಪನ್ನೇ ನಂಬಬೇಕು.

ಮರಕೋತಿ

ಇದಕ್ಕೆ ನಾವು ಮಾಡಿಕೊಂಡ ಉಪಾಯ ಒರಟಾಗಿದೆ. ಮರದ ಪ್ರತಿಯೊಂದು ಕೆಲಸಕ್ಕೂ ಒಂದು ಸಂಖ್ಯೆ ಕೊಟ್ಟು, ವಿನ್ಯಾಸದ ಕಡತದಲ್ಲಿ ಪ್ರತಿಯೊಂದು ಫ್ರೇಮಿನ ಹೆಸರಿನ ಮುಂದೆ ಅದು ಪೂರೈಸುವ ಕೆಲಸಗಳ ಸಂಖ್ಯೆಗಳನ್ನು ಬರೆಯುತ್ತೇವೆ. ಮರವನ್ನು ಉಳಿಸುವುದು ಎಕ್ಸ್‌ಎಂಎಲ್ ಕಡತವಾಗಿಯೇ ಆದ್ದರಿಂದ, ಎರಡನ್ನೂ ಓದಿ ತಾಳೆ ನೋಡುವ 60 ಸಾಲಿನ ಸ್ಕ್ರಿಪ್ಟ್ ಒಂದಿದೆ. ಯಾವ ಕೆಲಸಕ್ಕೆ ಪರದೆಯಿಲ್ಲ, ಯಾವ ಪರದೆಗೆ ಕೆಲಸವಿಲ್ಲ ಎಂಬ ಎರಡು ಪಟ್ಟಿಗಳನ್ನು ಅದು ಕೊಡುತ್ತದೆ. ಮೊದಲ ಸಲ ಓಡಿಸಿದಾಗ ಎರಡನೆಯ ಪಟ್ಟಿ ಮೊದಲನೆಯದಕ್ಕಿಂತ ಉದ್ದವಾಗಿತ್ತು.

ಸೊನ್ನೆಒಂದು

ಆ ಸ್ಕ್ರಿಪ್ಟನ್ನು ಇಲ್ಲಿ ಹಾಕುತ್ತೀರಾ?